ಲೈನ್‌ಮನ್ ಲಚ್ಚಪ್ಪನ ಹಿಂದೆ ಉಳಿದವನು

ಹುಬ್ಬಳ್ಳಿ, ಒಂಬತ್ತನೇ ಗೋಪುರ
೨೨೮೭ನೇ ಇಸವಿ, ಹದಿಮೂರನೇ ತಿಂಗಳ ಎಂಟು

ವಿದ್ಯಾಧರ, ಕಸ್ತೂರಿ, ಇಮ್ತಿಯಾಜ್ ಅವರಿಗೆ,

ನೀವು ಮಾಡುತ್ತಿರುವ ವಿಡಿಯೊ ಆಟದಲ್ಲಿ ಹಿಂದೆ ಉಳಿದವನು ಸಾಯುತ್ತಾನೆ. ಇದು ಅನ್ಯಾಯ. ಇದನ್ನು ಮೊದಲು ಹೇಳಿಬಿಡಬೇಕೆಂದು ನಮಸ್ಕಾರವನ್ನೂ ಆಮೇಲಕ್ಕೆ ಇಟ್ಟುಕೊಂಡೆ. ಈಗ ನಮಸ್ಕಾರ.

ತಾರೀಖು ನೋಡಿ ಯಾರೋ ಕುಚೋದ್ಯ ಮಾಡಿದ್ದಾರೆ ಎಂದುಕೊಳ್ಳಬೇಡಿ. ನಮ್ಮ ವರ್ಷಕ್ಕೆ ಹದಿಮೂರು ತಿಂಗಳು, ಎಲ್ಲವೂ ಸಮ. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ಒಬ್ಬ ಮನುಷ್ಯನಿಗೆ ಜೀವಮಾನದಲ್ಲಿ ಒಂದೇ ಕಾಗದ, ಉತ್ತರ ಬರುವ ದಾರಿ ಇಲ್ಲ. ಹೆಚ್ಚಿನವರು ಅದನ್ನು ಮುತ್ತಜ್ಜನಿಗೆ ಬರೆದು, ಸತ್ತವನನ್ನು ಚೆನ್ನಾಗಿ ಬೈದು ತೃಪ್ತಿಪಡುತ್ತಾರೆ. ನಾನು ನನ್ನದನ್ನು ನಿಮಗೆ ಬರೆಯುತ್ತಿದ್ದೇನೆ. ನಿಮ್ಮ ಕಾಲದ ಕನ್ನಡವನ್ನು ನಾನು ಶಾಲೆಯಲ್ಲಿ ಕಲಿತವಳಲ್ಲ. ಕೈಯಿಂದ ಕೈಗೆ ದಾಟುವ ಹಳೆಯ ಕರಪತ್ರಗಳನ್ನು ಓದಿ ಕಲಿತವಳು. ಆದ್ದರಿಂದ ಮಾತು ಅಲ್ಲಲ್ಲಿ ಒರಟಾಗಿರಬಹುದು, ಅಲ್ಲಲ್ಲಿ ಘೋಷಣೆಯಂತೆ ಕೇಳಬಹುದು. ಕ್ಷಮಿಸಿ. ನನ್ನ ಹೆಸರು ನಿಂಬೆವ್ವ, ವಯಸ್ಸು ಹದಿನೇಳು.

ನಿಮ್ಮ ಪರಿಚಯ ನನಗೆ ಆಟದಿಂದಲೇ. ಆಟದ ಕೊನೆಗೆ, ಏಳನೇ ಊರಿಗೆ ಬೆಳಕು ಬಂದ ಮೇಲೆ ಪರದೆಯ ಮೇಲೆ ನಿಮ್ಮ ಮೂವರ ಹೆಸರು ಮೂಡುತ್ತದೆ, ಕೆಳಗೆ ‘ದುರ್ಗದಬೈಲ್, ಹುಬ್ಬಳ್ಳಿ, ೧೯೯೬’ ಎಂದು ಬರುತ್ತದೆ. ಈ ಕಾಗದ ನಿಮಗೆ ಅದಕ್ಕೆ ಮುಂಚೆ, ೧೯೯೫ರ ಡಿಸೆಂಬರ್ ಹತ್ತರಂದು ಮುಟ್ಟುತ್ತದೆ. ಅಂದರೆ ಆಟ ಇನ್ನೂ ನಿಮ್ಮ ಕೈಯಲ್ಲೇ ಇದೆ.

ನಮ್ಮಲ್ಲಿ ಉಳಿದಿರುವುದು ಅದೊಂದೇ ಆಟ. ನಿಮ್ಮ ಮುಂದಿನವರು ಎಲ್ಲವನ್ನೂ ದೂರದ ಯಂತ್ರಗಳಲ್ಲಿ ತುಂಬಿಟ್ಟರು. ಒಂದು ಕಾಲ ಬಂತು, ಅದನ್ನು ನಾವು ಒರೆಸುಗಾಲ ಎನ್ನುತ್ತೇವೆ, ಆಗ ಎಲ್ಲವೂ ಅಳಿಸಿಹೋಯಿತು. ಬಿಸ್ಕತ್ತಿನ ಡಬ್ಬಿಯಲ್ಲಿದ್ದ ಕಾರಣಕ್ಕೆ ‘ಲೈನ್‌ಮನ್ ಲಚ್ಚಪ್ಪ’ನ ಒಂದು ಕ್ಯಾಸೆಟ್ ಉಳಿಯಿತು. ಆಮೇಲೆ ನೆಲ ಕಾದು ನಾವು ಗೋಪುರಗಳಿಗೆ ಹತ್ತಿದೆವು. ಗೋಪುರದಿಂದ ಗೋಪುರಕ್ಕೆ ತಂತಿ, ತಂತಿಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಜೋಳದ ಚೀಲ, ಮಕ್ಕಳು, ಮೇಕೆ, ಹೆಣ, ಎಲ್ಲವೂ ಹೋಗಬೇಕು. ರೊಟ್ಟಿ ಬೇಯುವುದು ಮಾಳಿಗೆಯ ಬಿಸಿಲಿನಲ್ಲಿ. ಗಾಳಿಗೆ ತಂತಿ ತುಂಡಾದರೆ ಆ ಗೋಪುರಕ್ಕೆ ನೀರೂ ಇಲ್ಲ, ಬೆಳಕೂ ಇಲ್ಲ. ಇಂಥ ಊರಿಗೆ, ಕಂಬದಿಂದ ಕಂಬಕ್ಕೆ ಜಿಗಿದು ಕತ್ತಲಲ್ಲಿ ಕೂತ ಏಳು ಊರುಗಳಿಗೆ ಕರೆಂಟು ತರುವ ಲಚ್ಚಪ್ಪನಿಗಿಂತ ದೊಡ್ಡವನು ಯಾರಿದ್ದಾನು? ನಮ್ಮಲ್ಲಿ ಮದುಮಕ್ಕಳು ಮೊದಲು ಕೂತು ಆಟದ ಮೊದಲ ಊರನ್ನು ದಾಟಬೇಕು, ಊಟ ಆಮೇಲೆ. ಮದುಮಗ ಆಟದಲ್ಲಿ ಹಿಂದೆ ಬಿದ್ದು ಸತ್ತರೆ ಬೀಗರು ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ: “ಏ ಅಳಿಯಾ, ಇವತ್ತರ ಬದುಕೀ ಏನಪಾ?”

ಆಟದ ಗುಣವನ್ನು ಗುಣವೆಂದೇ ಹೇಳುತ್ತೇನೆ. ಗುಂಡಿಯನ್ನು ಮೆಲ್ಲಗೆ ಒತ್ತಿದರೆ ಸಣ್ಣ ನೆಗೆತ, ಒತ್ತಿ ಹಿಡಿದರೆ ಉದ್ದನೆಯ ಜಿಗಿತ. ಗಾಳಿಯಲ್ಲಿದ್ದಾಗಲೂ ಲಚ್ಚಪ್ಪ ಸ್ವಲ್ಪ ಹೊರಳಬಲ್ಲ, ಆದರೆ ಅವನ ಮೈಯ ಭಾರ ಕೈಗೆ ತಿಳಿಯುತ್ತಲೇ ಇರುತ್ತದೆ. ಮೊದಲ ಪರದೆಯಲ್ಲಿ ಒಂದು ಮೋಟು ಗೋಡೆ, ಅದರ ಮೇಲೆ ಆರಿದ ಬಲ್ಬು, ಅಷ್ಟೇ. ‘ಜಿಗಿ’ ಎಂದು ಯಾರೂ ಹೇಳುವುದಿಲ್ಲ, ಮೂರು ವರ್ಷದ ಮಗುವೂ ಜಿಗಿಯುತ್ತದೆ. ಕಾಗೆ ಎರಗುವ ಮುನ್ನ ಕೂಗುತ್ತದೆ. ಕೇಳದೆ ಹೋದರೆ ತಪ್ಪು ನಮ್ಮದು, ಅದರಲ್ಲಿ ಮೋಸವಿಲ್ಲ. ಬಲ್ಬು ಹೊತ್ತಿದ ಕೂಡಲೇ ಒಬ್ಬಳು ಹೆಂಗಸು ಬಾಗಿಲಿಗೆ ಬಂದು, ಕಣ್ಣಿಗೆ ಕೈ ಅಡ್ಡ ಹಿಡಿದು, ಒಳಗೆ ಹೋಗುತ್ತಾಳೆ. ಅದಕ್ಕೆ ಅಂಕವಿಲ್ಲ. ಆದರೂ ಅದನ್ನು ಬರೆದಿದ್ದೀರಿ. ಅದನ್ನು ಬರೆದವರು ಕೆಟ್ಟವರಲ್ಲ ಎಂದು ನನ್ನ ಗೆಳತಿಯರ ಜೊತೆ ನಾನು ಜಗಳವಾಡಿದ್ದೇನೆ. ಅವರಿಗೆ ಆ ಕ್ಯಾಸೆಟ್ಟನ್ನೇ ಒಡೆದು ಹಾಕಬೇಕೆಂದಿದೆ.

ದೋಷಗಳೂ ಇವೆ. ಆರನೇ ಊರಿನ ನೀರಿನ ಟಾಕಿಯಿಂದ ಜಿಗಿಯುವಾಗ ಕೆಳಗೆ ಏನಿದೆ ಎಂದು ಕಾಣುವುದಿಲ್ಲ; ಒಮ್ಮೆ ಸತ್ತೇ ತಿಳಿಯಬೇಕು. ಇದು ಸೋಮಾರಿತನ. ಮೂಲೆಯ ಗಡಿಯಾರ ಹೊತ್ತು ಮುಗಿದರೆ ಆಟವನ್ನೇ ನಿಲ್ಲಿಸುತ್ತದೆ, ವಿನಾಕಾರಣ ಅವಸರ ಮಾಡಿಸುತ್ತದೆ. ಇವನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಇಬ್ಬರ ಆಟ. ಮೊದಲನೆಯವನು ಲಚ್ಚಪ್ಪ, ಎರಡನೆಯವನು ಹೆಲ್ಪರ್ ಈರಣ್ಣ. ಪರದೆ ಲಚ್ಚಪ್ಪನನ್ನು ಮಾತ್ರ ಹಿಂಬಾಲಿಸುತ್ತದೆ, ಎಡಕ್ಕೆ ಎಂದೂ ಮರಳುವುದಿಲ್ಲ. ಲಚ್ಚಪ್ಪ ಮುಂದೆ ಓಡಿದರೆ ಈರಣ್ಣ ಪರದೆಯ ಎಡ ಅಂಚಿಗೆ ಸಿಕ್ಕಿ ಸಾಯುತ್ತಾನೆ. ಕಾಗೆ ಕುಕ್ಕಿ ಅಲ್ಲ, ತಂತಿ ತಗುಲಿ ಅಲ್ಲ. ಹಿಂದಿದ್ದ ಎಂಬುದಕ್ಕೆ.

ನಿಮ್ಮ ಯಂತ್ರ ಚಿಕ್ಕದು, ಇಬ್ಬರನ್ನೂ ತೋರಿಸುವ ಶಕ್ತಿ ಅದಕ್ಕಿರಲಿಲ್ಲ, ಅಷ್ಟೇ ಎಂದು ನನ್ನ ನಂಬಿಕೆ. ಆದರೆ ನಮ್ಮ ಹಿರಿಯರು ಅದನ್ನು ಯಂತ್ರದ ಕೊರತೆ ಎಂದು ತಿಳಿಯಲಿಲ್ಲ, ನೀತಿ ಎಂದು ತಿಳಿದರು. ಹದಿನೇಳು ತುಂಬಿದವರೆಲ್ಲ ಚಾವಡಿಯಲ್ಲಿ, ಊರಿನವರ ಮುಂದೆ, ಜೋಡಿ ಪರೀಕ್ಷೆಗೆ ಕೂರಬೇಕು. ಚೀಟಿ ಎತ್ತಿ ಜೋಡಿ ಮಾಡುತ್ತಾರೆ: ಒಬ್ಬರು ಮುಂದಾಳು, ಒಬ್ಬರು ಹಿಂದಾಳು. ಏಳನೇ ಊರು ಮುಟ್ಟಿದವರಿಗೆ ಗೋಪುರದಲ್ಲಿ ಮನೆ. ಅಂಚಿಗೆ ಸಿಕ್ಕವರಿಗೆ ತಳಗೇರಿ. ಅದು ಗೋಪುರಗಳ ಬುಡ, ಕೊಳಾಯಿಗಳು ಕುದಿಯುವ ಜಾಗ. ಅಲ್ಲಿಗೆ ಇಳಿದವರು ಮೇಲಕ್ಕೆ ಬರುವುದಿಲ್ಲ.

ಚೀಟಿಯಲ್ಲಿ ನನಗೆ ಮುಂದಾಳಿನ ಜಾಗ ಬಂತು. ಹಿಂದಾಳು ದಾವಲ್, ನಮ್ಮ ಪಕ್ಕದ ಮನೆಯವನು. ಬುಟ್ಟಿಯ ಹಗ್ಗ ಉಜ್ಜಿ ಅವನ ಬಲಗೈಯ ಎರಡು ಬೆರಳು ಮಡಚುವುದಿಲ್ಲ. ಗುಂಡಿ ಒತ್ತುವುದು ಅವನಿಗೆ ಒಂದು ಉಸಿರಿನಷ್ಟು ತಡವಾಗುತ್ತದೆ. ನಾವು ಅಭ್ಯಾಸ ಮಾಡಿ ನೋಡಿದೆವು. ಪ್ರತಿ ಕಂಬದಲ್ಲೂ ನಾನು ಕಾದರೆ ಅವನು ಬಂದು ಸೇರಿಕೊಳ್ಳುತ್ತಾನೆ. ಆದರೆ ನಾಲ್ಕನೇ ಊರಿನಲ್ಲೇ ಗಡಿಯಾರ ಮುಗಿದುಬಿಡುತ್ತದೆ, ಆಗ ಇಬ್ಬರಿಗೂ ತಳಗೇರಿ. ನಾನು ಓಡಿದರೆ ಅವನೊಬ್ಬನಿಗೆ.

ಪರೀಕ್ಷೆ ನಡೆಸುವ ಬಸಲಿಂಗಪ್ಪ ಮಾಸ್ತರರ ಬಳಿ ಹೋಗಿ, ಇದು ನೀತಿಯಲ್ಲ, ಆಟದ ದೋಷ ಎಂದು ಹೇಳಿದೆ. ಅವರು ನಕ್ಕರು. “ಯವ್ವಾ ನಿಂಬೆವ್ವ, ಹಿಂದ ಉಳದಾಂವನ ಸಲುವಾಗಿ ಏಳೂರ ಮಂದಿ ಕತ್ತಲದಾಗ ಕುಂದರಬೇಕೇನ? ಆಟ ಮಾಡಿದವರೇನ ಹುಚ್ಚರಿದ್ರ?”

“ಹುಚ್ಚರಲ್ರಿ ಮಾಸ್ತರ. ಬಡವರಿದ್ರು. ಅವರ ಕಡೆ ಇದ್ದ ಮಿಷಿನ್ನ ಅಷ್ಟ ಇತ್ತು.”

“ಅದನ್ನ ಅವರ ಬಾಯಿಂದ ಹೇಳಸು, ಆಮ್ಯಾಲ ಮಾತಾಡೂಣು” ಎಂದರು. ಈ ಕಾಗದ ಹುಟ್ಟಿದ್ದು ಆ ಮಾತಿನಿಂದ.

ಮನೆಯಲ್ಲಿ ಅವ್ವ ಎರಡು ದಿನದಿಂದ ನನ್ನ ಜೊತೆ ಸರಿಯಾಗಿ ಮಾತನಾಡಿಲ್ಲ. “ಆ ಹಾಳ ಹಾಳಿ ಓದಿ ಓದಿ ನಿನ್ನ ತಲಿ ತಿರಗೇತಿ. ಸುಮ್ನ ಓಡಿ ಮನಿ ತಗೋ” ಎಂದು ರೊಟ್ಟಿ ತಟ್ಟುತ್ತಲೇ ಅತ್ತಳು. ದಾವಲನದು ಬೇರೆಯೇ ರೀತಿ. “ನೀ ಓಡ ನಿಂಬೀ. ತಳಗೇರ್‍ಯಾಗ ಜಳಕಕ್ಕ ಬಿಸಿನೀರರ ಪುಕ್ಕಟ ಸಿಗತೈತಿ” ಎನ್ನುತ್ತಾನೆ. ಹಾಗೆ ಹೇಳುವಾಗ ಆ ಎರಡು ಬೆರಳುಗಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡಿರುತ್ತಾನೆ. ನನಗೆ ಅವನ ಮೇಲೆ ಸಿಟ್ಟು ಬರುತ್ತದೆ. ತನ್ನನ್ನು ಬಿಟ್ಟುಹೋಗು ಎಂದು ತಾನೇ ಹೇಳುವ ಹಾಗೆ ಒಬ್ಬ ಮನುಷ್ಯನನ್ನು ಬೆಳೆಸಿದ ಊರಿನ ಮೇಲೆ ಇನ್ನೂ ಹೆಚ್ಚು ಸಿಟ್ಟು ಬರುತ್ತದೆ. ಕರಪತ್ರಗಳು ಎಲ್ಲರೂ ಸಮಾನರು ಎಂದು ದೊಡ್ಡ ಅಕ್ಷರದಲ್ಲಿ ಹೇಳುತ್ತವೆ. ಚಾವಡಿಯಲ್ಲಿ ಗುಂಡಿ ಹಿಡಿದು ಕೂತಾಗ ಬೆರಳು ಏನು ಮಾಡಬೇಕೆಂದು ಒಂದೂ ಹೇಳುವುದಿಲ್ಲ. ಓಡಿಬಿಡಬೇಕೆಂಬ ಆಸೆ ನನ್ನ ಬೆರಳಿಗೂ ಇದೆ. ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.

ನನ್ನ ಕೋರಿಕೆ ಒಂದೇ. ದೊಡ್ಡ ಪರದೆ ಕೇಳುತ್ತಿಲ್ಲ, ಅದು ನಿಮ್ಮ ಕೈಯಲ್ಲಿಲ್ಲ. ಲಚ್ಚಪ್ಪನ ಸೊಂಟದಲ್ಲಿ ಒಂದು ಸುತ್ತು ಹಗ್ಗ ಬರೆದಿದ್ದೀರಿ, ಹಳದಿ ಬಣ್ಣದ್ದು. ಇಡೀ ಆಟದಲ್ಲಿ ಅದು ಯಾವ ಕೆಲಸಕ್ಕೂ ಬರುವುದಿಲ್ಲ. ‘ಕೆಳಗೆ’ ಎಂಬ ಗುಂಡಿಯೂ ಯಾವ ಕೆಲಸಕ್ಕೂ ಬರುವುದಿಲ್ಲ; ಒತ್ತಿದರೆ ಅವನು ಸುಮ್ಮನೆ ನಿಂತಿರುತ್ತಾನೆ. ಇವೆರಡನ್ನೂ ಕೂಡಿಸಿ. ಗುಂಡಿ ಒತ್ತಿದರೆ ಹಗ್ಗ ಹಿಂದಕ್ಕೆ ಹೋಗಲಿ, ಈರಣ್ಣನನ್ನು ಎಳೆದುಕೊಂಡು ಬರಲಿ. ಹಾಗೆ ಮಾಡಿದರೆ ನಮ್ಮ ಚಾವಡಿಯಲ್ಲಿ ಏನೇನು ಬದಲಾಗುತ್ತದೆ, ಈ ಕಾಗದ ಬರೆದ ನಾನೇ ಇರುತ್ತೇನೋ ಇಲ್ಲವೋ, ಯೋಚಿಸಿದ್ದೇನೆ. ಹೆದರಿಕೆಯಾಗುತ್ತದೆ. ಆದರೂ ಮಾಡಿ.

ಮಾಡಲು ಆಗದಿದ್ದರೆ, ಕೊನೆಯಲ್ಲಿ ನಿಮ್ಮ ಹೆಸರುಗಳ ಕೆಳಗೆ ಒಂದು ಸಾಲು ಸೇರಿಸಿ: ನಮಗೆ ಇಷ್ಟೇ ಸಾಧ್ಯವಾಯಿತು, ಇದನ್ನು ಧರ್ಮ ಎಂದು ತಿಳಿಯಬೇಡಿ. ಮಾಸ್ತರರಿಗೆ ಅಷ್ಟು ಸಾಕು. ಅದೂ ಆಗದಿದ್ದರೂ ನಾನು ಓಡುವುದಿಲ್ಲ. ದಾವಲ್ ಹಿಂದೆ ಉಳಿದಾಗ ಕಂಬದ ಮೇಲೆ ನಿಂತು, ಗಡಿಯಾರ ಮುಗಿಯುವವರೆಗೆ ಆ ‘ಕೆಳಗೆ’ ಗುಂಡಿಯನ್ನು ಒತ್ತುತ್ತಲೇ ಇರುತ್ತೇನೆ. ಊರೆಲ್ಲ ನೋಡಲಿ.

ನಮ್ಮ ಪರೀಕ್ಷೆ ಹದಿಮೂರನೇ ತಿಂಗಳ ಹದಿನೈದು, ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ. ನಿಮ್ಮ ಲೆಕ್ಕಕ್ಕೆ ಅದು ಡಿಸೆಂಬರ್ ಹದಿನೇಳು, ಅದೂ ಭಾನುವಾರವೇ. ಅಂದು ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ನಿಮ್ಮಲ್ಲಿ ಇಬ್ಬರು ಗುಂಡಿ ಹಿಡಿದು ಆಟಕ್ಕೆ ಕೂತುಕೊಳ್ಳಿ. ಹತ್ತು ಗಂಟೆಗೆ ನಾನೂ ಚಾವಡಿಯಲ್ಲಿ ಗುಂಡಿ ಹಿಡಿದು, ಅದೇ ಆಟದೊಳಗೆ ಅಲ್ಲಿಗೆ ಬರುತ್ತೇನೆ.

ನಿಂಬೆವ್ವ