ಕುರಿಕರುಳಿನ ತಂತಿ

ನವೆಂಬರ್ ೧೧, ಸಗರ

ಆರು ವರ್ಷ ಮುಚ್ಚಿಟ್ಟಿದ್ದನ್ನು ಇವತ್ತು ಅವ್ವನಿಗೆ ಹೇಳಿಬಿಟ್ಟೆ. ಚೆಲ್ಲೋ ಅಂದರೆ ಕಾಲ ನಡುವೆ ನಿಲ್ಲಿಸಿಕೊಂಡು ನುಡಿಸುವ ದೊಡ್ಡ ಪಿಟೀಲು; ಹೊಸ ಸಂಗೀತ ನುಡಿಸುವ ಚೆಲ್ಲೋಗೆ ಉಕ್ಕಿನ ತಂತಿ. ಯುರೋಪಿನ ಹಳೆಯ ಸಂಗೀತಕ್ಕೆಂದು ಇಟ್ಟುಕೊಂಡಿರುವ ಈ ಚೆಲ್ಲೋಗೆ ಕುರಿಯ ಕರುಳಿನದು. ಒಂದು ದಿನವೂ ಲಿಂಗಪೂಜೆ ತಪ್ಪಿಸದವಳ ಮನೆಯಲ್ಲಿ, ದೇವರ ಜಗಲಿಯ ಪಕ್ಕದಲ್ಲೇ ಇದನ್ನು ಇಡುತ್ತಿದ್ದೆ.

ಅವ್ವ ರೊಟ್ಟಿ ಬಡಿಯುತ್ತಲೇ ಇದ್ದಳು. ನಾನು ಚೆಲ್ಲೋ ಎತ್ತಿಕೊಂಡೆ.

"ಎಲ್ಲಿಗಿ ಒಯ್ಯಾಕತ್ತೀ?"

"ಅಂಗಳಕ್ಕ. ಮನ್ಯಾಗ ಬ್ಯಾಡ ಅಂದೀಯಂತ."

"ಬಿಸಿಲಾಗ ಇಟ್ರ ಕೆಡಂಗಿಲ್ಲೇನು? ಒಳಗ ತಾ. ಮುಂಜಾನಿ ಬಾರಿಸ್ತೀಯಲ್ಲ, ಅದನ್ನ ಬಾರಿಸು."

ನುಡಿಸಿದೆ. ಅವ್ವ ಒಲೆ ಆರಿಸಿ ಬಂದು ಎದುರಿಗೆ ಕೂತಳು. ಮುಗಿದ ಮೇಲೆ ಒಂದು ತಂತಿಯನ್ನು ಮೆಲ್ಲಗೆ ಮುಟ್ಟಿ, "ಪಾಪ, ಎಷ್ಟ ಛಂದ ಮಾತಾಡತೈತಿ" ಎಂದಳು.

ಆಮೇಲೆ ಎದ್ದುಹೋಗಿ ಕೈ ತೊಳೆದುಕೊಂಡಳು. ನನಗೆ ನಗು ಬಂತು. ಅವಳಿಗೂ.