ಉಳಿದ ಮೆಟ್ಟಿಲು

ಜುಲೈ ೬, ೧೯೯೯. ಮಂಗಳವಾರ. ಚಿಕ್ಕೋಡಿ

ಲ್ಯಾಬಿನಲ್ಲಿ ಮತ್ತೆ ಅದೇ. ಚಪ್ಪಲಿ ಹೊರಗೆ, ಫ್ಯಾನ್ ಹಾಕು, ಯಂತ್ರಗಳ ತಂತಿಗಳೆಲ್ಲ ಕೂಡುವ ಹಬ್ ಆನ್ ಮಾಡು. ಆಮೇಲೆ ನೇಮಿನಾಥರು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಕ್ರಮ: ಮೊದಲು ಕಂಪೈಲರ್ ಮಾಡ್ಯೂಲ್ ಲೋಡ್, ಆಮೇಲೆ ಯಂತ್ರಗಳನ್ನು ಪರಸ್ಪರ ಮಾತಾಡಿಸುವ ಮಾಡ್ಯೂಲ್, ಕೊನೆಗೆ ನನ್ನ ಹೊಳೆಯ ಲೆಕ್ಕದ ಮಾಡ್ಯೂಲ್. ಇವತ್ತು ಎರಡನೆಯದನ್ನು ಮರೆತೆ. ಎಂಟೂ ಯಂತ್ರಗಳು ಬಾಯಿಗೆ ಬೀಗ ಹಾಕಿಕೊಂಡು ಕೂತವು. ನೇಮಿನಾಥರು ಲ್ಯಾಬ್ ಇನ್‌ಚಾರ್ಜ್, ಅಂದರೆ ಲ್ಯಾಬ್ ಅವರ ಅಪ್ಪನ ಆಸ್ತಿ.

"ಪಾಯಾ ಹಾಕದ ಗ್ವಾಡಿ ಕಟ್ಟಬ್ಯಾಡ್ರಿ ಬಾಯಾರ" ಎಂದರು. ಇಪ್ಪತ್ತು ವರ್ಷದಿಂದ ಗಣಿತ ಕಲಿಸುತ್ತಿರುವವಳಿಗೆ!

ಆದರೆ ಸರಿಯಾಗಿ ಲೋಡ್ ಆದ ಮೇಲೆ... ಏನು ಬರೆಯಲಿ. ಕಾಲೇಜು ಗುಜರಿಗೆ ಹಾಕಬೇಕೆಂದಿದ್ದ ಎಂಟು ಪಿಸಿ. ನೀರು ಯಾವಾಗ ಎಷ್ಟು ಏರುತ್ತದೆಂದು ಲೆಕ್ಕ ಹಾಕಲು ದೂಧಗಂಗಾ ಹೊಳೆಯನ್ನು ಎಂಟು ತುಂಡು ಮಾಡಿ ಒಂದೊಂದಕ್ಕೆ ಒಂದೊಂದು ಕೊಟ್ಟಿದ್ದೇನೆ. ಲೆಕ್ಕದ ಪ್ರತಿ ಹೆಜ್ಜೆಗೂ ಪ್ರತಿ ಯಂತ್ರ ತನ್ನ ತುಂಡಿನ ತುದಿಯಲ್ಲಿ ನೀರೆಷ್ಟು ಎಂದು ಪಕ್ಕದ ಯಂತ್ರಕ್ಕೆ ಹೇಳುತ್ತದೆ, ಅದರದ್ದನ್ನು ಕೇಳುತ್ತದೆ. ಉತ್ತರ ಬರುವ ತನಕ ಯಾವುದೂ ಮುಂದೆ ಹೋಗುವುದಿಲ್ಲ. ನಮ್ಮ ಸ್ಟಾಫ್ ರೂಮಿನಲ್ಲಿ ಇಷ್ಟು ಸಂಯಮ ನಾನು ಕಂಡಿಲ್ಲ. ಹಬ್‌ನ ಹಸಿರು ದೀಪಗಳು ಮಿಣುಕುತ್ತಿದ್ದವು, ನೋಡುತ್ತ ನಿಂತುಬಿಟ್ಟೆ. ಪೀರಿಯಡ್‌ಗೆ ಹತ್ತು ನಿಮಿಷ ತಡ.

ಜುಲೈ ೧೪, ಬುಧವಾರ

ಏಕಸಂಬಿಯಿಂದ ಭೂಪಾಲನ ಫೋನು. ತಂಗಿಯ ಗಂಡ, ಹೊಳೆ ದಂಡೆಯ ನೀರಾವರಿ ಸಂಘದ ಚೇರ್ಮನ್. ನಲವತ್ತು ಮನೆಗಳ ಕಬ್ಬಿಗೆ ಒಂದೇ ದೊಡ್ಡ ಮೋಟರು, ಅದು ದಂಡೆಯ ಕಟ್ಟೆಯ ಮೇಲಿದೆ. ನೀರಲ್ಲಿ ಮುಳುಗಿದರೆ ಕೆಟ್ಟಿತು, ಕಬ್ಬೂ ಕೆಟ್ಟಿತು. ಘಟ್ಟದಲ್ಲಿ ಮಳೆ ಜೋರು, ಮೋಟರು ಎತ್ತಬೇಕೋ ಬೇಡವೋ ಎಂದು ಕೇಳಿದ. ಹೊಳೆಗೆ ಇಳಿಯುವ ಅಲ್ಲಿಯ ಘಾಟಿಗೆ ಇಪ್ಪತ್ತೊಂದು ಮೆಟ್ಟಿಲು. ಅಂಬಿಗ ಧರೆಪ್ಪ ದಿನಾ ಎಣಿಸಿ ಹೇಳುತ್ತಾನೆ. ಇವತ್ತು ಎಷ್ಟು ಎಂದೆ. ಹದಿನಾಲ್ಕು ಎಂದ. ಅದನ್ನು ಹಾಕಿದೆ, ಮೇಲಿನ ಡ್ಯಾಮಿನಿಂದ ಬಿಟ್ಟ ನೀರನ್ನೂ ಹಾಕಿದೆ.

ಸಂಜೆ ೭:೧೫. ರನ್ ಮುಗಿಯಿತು. ನಾಳೆ ಮಧ್ಯಾಹ್ನಕ್ಕೆ ಮೋಟರು ನೀರಿನಲ್ಲಿ. ಎತ್ತು ಎಂದು ಫೋನ್ ಮಾಡಿದೆ. ಅಷ್ಟರಲ್ಲಿ ಹೊತ್ತು ಮುಳುಗಿತ್ತು, ಜೈನರ ಮನೆಯವಳಿಗೆ ಇನ್ನು ಊಟವಿಲ್ಲ. ಹಸಿವೆ ಗೊತ್ತೇ ಆಗಲಿಲ್ಲ. ಇಲ್ಲಿ ಕುರ್ಚಿಯ ಮೇಲೆ ಕೂತು ಹೊಳೆಯ ನಾಳೆಯನ್ನು ನೋಡಿದ್ದೇನೆ.

ಜುಲೈ ೧೬

ನೀರು ಬರಲಿಲ್ಲ.

ಇಪ್ಪತ್ತು ಮಂದಿ ಕೆಸರಿನಲ್ಲಿ ನಿಂತು, ಚೈನ್ ಪುಲ್ಲಿ ಹಾಕಿ ಎತ್ತಿದ್ದರು. ಭೀಮಗೊಂಡ ಎಂಬವನ ಬೆರಳು ಜಜ್ಜಿದೆ. ಇವತ್ತು ಎಲ್ಲರೂ ಸೇರಿ ಮತ್ತೆ ಇಳಿಸಿದರು. ಭೂಪಾಲನಿಗೆ ಊರಲ್ಲಿ 'ಕಂಪ್ಯೂಟರ್ ಚೇರ್ಮನ್' ಎಂದು ಹೆಸರಾಗಿದೆಯಂತೆ. ಪ್ರೋಗ್ರಾಮನ್ನು ಸಾಲು ಸಾಲಾಗಿ ನೋಡಿದೆ. ತಪ್ಪಿಲ್ಲ. ನೇಮಿನಾಥರು ತಾವೂ ಒಮ್ಮೆ ನೋಡಿ ಪುಟ ವಾಪಸು ಕೊಟ್ಟರು — ಬೈದಿದ್ದರೆ ಚೆನ್ನಾಗಿತ್ತು.

ಆಗಸ್ಟ್ ೧, ರವಿವಾರ. ಏಕಸಂಬಿ

ಎರಡು ವಾರ ಏನೂ ಬರೆದಿಲ್ಲ. ಬರೆಯಲು ಮುಖ ಎಲ್ಲಿತ್ತು.

ಇವತ್ತು ಬಸ್ಸು ಹತ್ತಿ ಬಂದೆ. ಧರೆಪ್ಪ ಘಾಟಿನ ಮೇಲೇ ಇದ್ದ. ಎಷ್ಟು ಎಂದೆ. ಹನ್ನೊಂದು ಎಂದ. ಅವತ್ತಿಗಿಂತ ನೀರು ಏರಿದೆ, ಇವನ ಸಂಖ್ಯೆ ಇಳಿದಿದೆ! ನಾನೇ ಎಣಿಸಿದೆ. ನೀರಿನಲ್ಲಿ ಹತ್ತು. ಒಣಗಿದ್ದು ಹನ್ನೊಂದು.

"ಮುಳಗಿದ್ದು ಯಾಕ ಎಣಸೂದ್ರಿ ಬಾಯಾರ? ಅದು ಹೊಳೀದಾತು. ನಮಗ ಎಷ್ಟ ಉಳದಾವ ಅನ್ನೂದು ಗೊತ್ತಿದ್ರ ಸಾಕು."

ಅವನಪ್ಪನೂ ಹೀಗೇ ಎಣಿಸುತ್ತಿದ್ದನಂತೆ. ಹದಿನಾಲ್ಕು ಮುಳುಗಿವೆ ಎಂದು ನಾನು ಹಾಕಿದ್ದೆ. ಮುಳುಗಿದ್ದದ್ದು ಏಳೇ. ನನಗೆ ಗೊತ್ತಿದೆ ಎಂದೇ ಭೂಪಾಲ ತಿಳಿದಿದ್ದ. ಅಥಣಿ ಕಡೆಯ ಒಣ ನೆಲದಲ್ಲಿ ಬಾವಿ ನೋಡಿ ಬೆಳೆದವಳು, ಹೊಳೆಯವರ ಲೆಕ್ಕ ನನಗೆಲ್ಲಿ ಗೊತ್ತು. ಮೆಟ್ಟಿಲ ಮೇಲೆ ಕೂತು ನಕ್ಕೆ. ಸ್ವಲ್ಪ ಅತ್ತೆ ಕೂಡ. ಪಾಪ, ಯಂತ್ರಗಳು ಸುಳ್ಳು ಹೇಳಿರಲಿಲ್ಲ. ನಾನು ಕೊಟ್ಟ ಹೊಳೆಯನ್ನೇ ಹರಿಸಿದ್ದವು.

ಆಗಸ್ಟ್ ೨, ಸೋಮವಾರ. ಚಿಕ್ಕೋಡಿ

ಮೂರೂ ಮಾಡ್ಯೂಲ್, ಕ್ರಮ ತಪ್ಪದೆ. ಮೊದಲು ಜುಲೈ ಹದಿನಾಲ್ಕರದನ್ನೇ ಏಳು ಹಾಕಿ ಓಡಿಸಿದೆ. ಅದರ ಮರುದಿನ, ಹದಿನೈದಕ್ಕೆ, ಧರೆಪ್ಪ ಎಣಿಸಿದ್ದಷ್ಟೇ ಬಂತು. ಸರಿಯಾಗಿ ಅಷ್ಟೇ. ನೇಮಿನಾಥರು ಕನ್ನಡಕ ಒರೆಸಿ ಮತ್ತೆ ನೋಡಿದರು.

ಆಮೇಲೆ ಇವತ್ತಿನದು. ಡ್ಯಾಮಿನಿಂದ ಭಾರೀ ನೀರು ಬಿಟ್ಟಿದ್ದಾರೆ. ನಾಳೆ ಹನ್ನೆರಡು ಗಂಟೆಗೆ ಉಳಿಯುವುದು ಒಂಬತ್ತು ಮೆಟ್ಟಿಲು. ನಾಲ್ಕು ಗಂಟೆಗೆ ಐದು, ಅಂದರೆ ನೀರು ಮೋಟರಿನ ಕಟ್ಟೆಯ ಮಟ್ಟಕ್ಕೆ. ಎತ್ತಲು ಮೂರು ತಾಸು ಬೇಕು, ಹನ್ನೆರಡಕ್ಕೇ ಶುರುವಾಗಬೇಕು.

ಭೂಪಾಲನಿಗೆ ಫೋನ್ ಮಾಡಿದೆ, ಮಂದಿಯನ್ನು ಕೇಳಿ ಬಂದ. ಆಮೇಲೆ, "ಯಾರೂ ಸರಪಳಿ ಮುಟ್ಟಾಂಗಿಲ್ಲ ಅಂತಾರ. ಹನ್ನೆಡ್ಡಕ್ಕ ಖರೇನ ಒಂಬತ್ತ ಉಳದ್ರ ಎತ್ತತಾರಂತ, ಇಲ್ಲಂದ್ರ ಇಲ್ಲ. ನಾ ಏನ ಮಾಡ್ಲಿ ಅಕ್ಕಾ?"

ನಾನೂ ಬರುತ್ತೇನೆ ಎಂದೆ. ರಜೆ ಚೀಟಿಯಲ್ಲಿ ಕಾರಣ ಬರೆಯಲು ತೋಚಲಿಲ್ಲ.

ಆಗಸ್ಟ್ ೩, ಮಂಗಳವಾರ. ಏಕಸಂಬಿ, ಘಾಟಿನ ಮೇಲೆ

೧೦:೪೦. ಬಿಸಿಲು. ಮೋಡದ ಚೂರೂ ಇಲ್ಲ. ಮಳೆಯೆಲ್ಲ ಘಟ್ಟದಲ್ಲಿ. ಹನ್ನೊಂದು ಉಳಿದಿವೆ. ಮಂದಿ ಬೇವಿನ ಮರದ ಕೆಳಗೆ ತಂಬಾಕು ತಿಕ್ಕುತ್ತ ಕೂತಿದ್ದಾರೆ. ಭೀಮಗೊಂಡ ಬೆರಳಿಗೆ ಬಟ್ಟೆ ಸುತ್ತಿಕೊಂಡೇ ಬಂದಿದ್ದಾನೆ. ನನ್ನ ಕಡೆ ನೋಡುವುದಿಲ್ಲ. ಭೂಪಾಲ ಒಬ್ಬನೇ ಸರಪಳಿಗೆ ಎಣ್ಣೆ ಬಿಡುತ್ತಿದ್ದಾನೆ.

೧೧:೧೫. ಹತ್ತು.

೧೧:೪೦. ಇನ್ನೂ ಹತ್ತೇ. ಹೊಳೆ ನನ್ನ ಕಾಗದ ಓದಿಲ್ಲ. ಚಿಕ್ಕೋಡಿಯ ಎಂಟು ಡಬ್ಬಿಗಳ ಸುದ್ದಿಯೇ ಅದಕ್ಕೆ ಗೊತ್ತಿಲ್ಲ. ಮತ್ತೆ ತಪ್ಪಿದರೆ ಭೂಪಾಲ ಈ ಊರಲ್ಲಿ ತಲೆ ಎತ್ತುವುದು ಹೇಗೆ.

೧೧:೫೫. ನೀರು ಮುಂದಿನ ಮೆಟ್ಟಿಲಿನ ಅಂಚಿಗೆ ಬಂತು. ಕಲ್ಲಿನ ಮೇಲೆ ತೆಳ್ಳಗೆ ಹರಡಿತು. ಧರೆಪ್ಪ ಬೀಡಿ ಆರಿಸಿ ಎದ್ದ. ಬೆರಳು ಮಾಡಿ ಎಣಿಸಿದ. ಮತ್ತೊಮ್ಮೆ ಎಣಿಸಿದ. ಬೇವಿನ ಕಡೆ ತಿರುಗಿದ, ಕೂಗಲೂ ಇಲ್ಲ.

"ಒಂಬತ್ತ ಉಳದಾವ. ಏಳ್ರಪಾ."

ಎದ್ದರು. ಎಲ್ಲರೂ ಎದ್ದರು. ಘಟ್ಟದಿಂದ ಇಲ್ಲಿಯ ತನಕ ಇಡೀ ಹೊಳೆ, ಹೇಳಿದ ಹೊತ್ತಿಗೆ, ಹೇಳಿದ ಕಲ್ಲಿಗೆ ಬಂದಿದೆ. ಕೈ ಮುಗಿದೆ — ಹೊಳೆಗೋ, ಡಬ್ಬಿಗಳಿಗೋ, ಧರೆಪ್ಪನಿಗೋ, ನನಗೇ ಗೊತ್ತಿಲ್ಲ.

ಭೀಮಗೊಂಡ ಬಟ್ಟೆ ಸುತ್ತಿದ ಕೈ ಎತ್ತಿ ತೋರಿಸಿದ. "ಬಾಯಾರ, ಇಲ್ಲಿ ಒಂದ ಕೈ ಕಮ್ಮಿ ಐತಿ. ಬರ್ರಿ."

ಪುಸ್ತಕ ಈ ಮೆಟ್ಟಿಲ ಮೇಲೇ ಬಿಟ್ಟು — ಬೇಡ, ಇದೂ ಮೂರು ಗಂಟೆಗೆ ಮುಳುಗುತ್ತದೆ, ಇನ್ನೂ ಮೇಲೆ