ಅಕ್ಷತಾಗೆ ಕಣ್ಣು ತೆರೆಸಿದ್ದು

ಫೆಬ್ರವರಿ ೩, ಸೋಮವಾರ

ಸ್ನಾನ, ಲಿಂಗಪೂಜೆ, ಒಂದು ಲೋಟ ಕಾಫಿ. ಲಷ್ಕರ್ ಮೊಹಲ್ಲಾದಲ್ಲಿ ಇವತ್ತು ನನ್ನ ಸ್ಟುಡಿಯೋ ಶಟರೇ ಮೊದಲು ಎದ್ದಿದ್ದು. ಪಾಸ್‌ಪೋರ್ಟ್ ಸೈಜಿನವರು ಒಂದಷ್ಟು ಜನ. ನಾಮಕರಣದ ಆಲ್ಬಮ್ ಅರ್ಧ ಆಯ್ತು.

ಮಧ್ಯಾಹ್ನ ಗಾರ್ಗಿ ಬಂದಳು. ಒಂಟಿಕೊಪ್ಪಲಿನ ಆರ್ಟ್ ಟೀಚರ್, ನನ್ನ ಫೋಟೋಗಳನ್ನು ಪ್ರಶಸ್ತಿಗೆ ಕಳಿಸಿದವಳು. ಬಾಗಿಲಲ್ಲೇ ಕುಣಿದಳು. ಕೊನೇ ಸುತ್ತಿಗೆ ಬಂದಿದ್ದೀನಂತೆ! ಕ್ಯಾಮೆರಾ ಹಿಡಿದ ಹೆಂಗಸರಿಗೇ ಕೊಡೋದು. ಅದರಲ್ಲೂ ‘ಮಿಡ್ ಕೆರಿಯರ್’ನವರಿಗೆ.

"ಹಂಗಂದ್ರೆ?"

"ಅರ್ಧ ದಾರಿ ಬಂದಿರೋರು ಅಂತ, ನೀಲಮ್ಮೋರೆ."

"ಐವತ್ತಾಯ್ತು ಕಣಮ್ಮ. ಇನ್ನರ್ಧ ಎಲ್ಲಿಗೆ?"

"ಸ್ಟೇಜಿಗೆ!"

ಪ್ರಶಸ್ತಿಯವರಿಗೆ ಹಿಡಿಸಿದ್ದು ನನ್ನ ಜೋಡಿ ಫೋಟೋಗಳಂತೆ. ಸತ್ತವರದು. ಮಣ್ಣು ಮಾಡೋ ಮುಂಚೆ ನಮ್ಮ ಲಿಂಗಾಯತರಲ್ಲಿ ಕೂರಿಸಿ, ವಿಭೂತಿ ಹಚ್ಚಿ, ಅಂಗೈಲಿ ಲಿಂಗ ಇಟ್ಟಾಗ ತೆಗೆಯೋದು ಒಂದು. ಅದಕ್ಕೇ ಕಂಪ್ಯೂಟರಲ್ಲಿ ಕಣ್ಣು ತೆರೆಸಿ ಗೋಡೆಗೆ ಹಾಕೋ ಹಾಗೆ ಮಾಡಿಕೊಡೋದು ಇನ್ನೊಂದು. ನಮ್ಮ ಯಜಮಾನರು ಹೋಗೋ ಮುಂಚೆ ಕಲಿಸಿದ ಕೆಲಸ. ಕಣ್ಣು ಬದುಕಿರೋ ಮಗಳದೋ, ತಮ್ಮಂದೋ — ರಕ್ತಸಂಬಂಧದ್ದೇ ಹೊಂದೋದು. ಆ ಮನೆಗಳವರನ್ನು ಕೇಳಿಯೇ ಗಾರ್ಗಿಗೆ ಕೊಟ್ಟಿದ್ದೀನಿ. ಇದರಲ್ಲಿ ಕಲೆ ಏನಿದೆಯೋ, ಶಿವನೇ ಬಲ್ಲ.

ಮಾರ್ಚ್ ಒಂದಕ್ಕೆ ಇಲ್ಲೇ ಮೈಸೂರಲ್ಲಿ ಪ್ರದರ್ಶನ. ಹೊಸದೊಂದು ಜೋಡಿ ಬೇಕಂತೆ. "ಹೊಸದಕ್ಕೆ ಯಾರಾದ್ರೂ ಸಾಯ್ಬೇಕಲ್ಲಮ್ಮ" ಅಂದೆ. ಇಬ್ಬರೂ ನಕ್ಕೆವು.

ನಗಬಾರದಿತ್ತು.

ಫೆಬ್ರವರಿ ೬, ಗುರುವಾರ

ಕಡಕೊಳದಿಂದ ಫೋನು. ಹೋದೆ. ಎಳೇ ಹುಡುಗಿ, ಅಕ್ಷತಾ. ಬಚ್ಚಲಲ್ಲಿ ಜಾರಿ ಬಿದ್ದಳಂತೆ. ಹಾಲು ಬಿಡದ ಮಗು ಯಾರ್ಯಾರದೋ ಸೊಂಟದ ಮೇಲೆ.

ತವರಿನವರು ಇನ್ನೂ ದಾರಿಯಲ್ಲಿದ್ದರು. ಅಷ್ಟರಲ್ಲೇ ಮೈ ತೊಳೆದು, ಸೀರೆ ಉಡಿಸಿ ಕೂರಿಸಿಬಿಟ್ಟಿದ್ದರು. ಮಠದ ಅಯ್ನೋರು ಹಣೆಗೆ, ತೋಳಿಗೆ ವಿಭೂತಿ ಹಚ್ಚಿದರು. ಕೊರಳಿಗೆ ಮಾತ್ರ ಗಂಡ ನಾಗಾರ್ಜುನನೇ ಬಂದು ಹಚ್ಚಿದ. ಮತ್ತೆ ಮತ್ತೆ, ಗಟ್ಟಿಯಾಗಿ. ಎಷ್ಟು ಪ್ರೀತಿ ಇತ್ತಪ್ಪ ಅಂದುಕೊಂಡೆ. ನನ್ನ ಕಣ್ಣಲ್ಲೂ ನೀರು.

ಕ್ಲಿಕ್ ಮಾಡೋ ಮುಂಚೆ ಮನಸಲ್ಲೇ ಕೇಳ್ತೀನಿ — ತೆಗೀಲಾ ತಾಯೀ? ಒಪ್ಪಿದ ಹಾಗೆ ಅನ್ನಿಸ್ತದೆ. ಇವತ್ತು ಅನ್ನಿಸಲಿಲ್ಲ. ಆದರೂ ತೆಗೆದೆ.

ಆಮೇಲೆ ಅವಳ ಅವ್ವ ಬಂದರು. ಅತ್ತು ಅತ್ತು ದನಿಯೇ ಇಲ್ಲ. ನನ್ನ ಕೈ ಹಿಡಿದು, "ದೇವ್ರಂಗೆ ಕೂತವ್ಳೆ ನನ್ ಮಗ್ಳು. ಹಿಂಗೇ ಬೇಕು ನಂಗೆ. ಕಣ್ಣು ಮಾತ್ರ ಬುಡ್ಸಿಕೊಡವ್ವ" ಅಂದರು. ತಂಗಿ ಲಹರಿ ಪಕ್ಕದಲ್ಲಿ ಕಲ್ಲಾಗಿ ನಿಂತಿದ್ದಳು. ಅದೇ ಹುಬ್ಬು, ಅದೇ ರೆಪ್ಪೆ. ಇವಳ ಕಣ್ಣೇ ಸರಿ ಅಂದುಕೊಂಡೆ.

ಫೆಬ್ರವರಿ ೮, ಶನಿವಾರ

ಮುಖ ಸರಿಮಾಡೋಣ ಅಂತ ದೊಡ್ಡದು ಮಾಡಿ ಬೆಳಕು ಇಳಿಸಿದೆ. ವಿಭೂತಿಯ ಬಿಳಿಯೂ ಇಳಿಯಿತು.

ಕೆಳಗೆ ಕಪ್ಪು.

ಕೊರಳಿನ ಒಂದು ಮಗ್ಗುಲಲ್ಲಿ ಸಾಲಾಗಿ ನಾಲ್ಕು. ಇನ್ನೊಂದು ಮಗ್ಗುಲಲ್ಲಿ ದಪ್ಪದ್ದು ಒಂದು. ನನ್ನ ಕೈಯನ್ನೇ ನನ್ನ ಕೊರಳಿಗಿಟ್ಟು ನೋಡಿಕೊಂಡೆ...

ಬಚ್ಚಲಲ್ಲಿ ಜಾರಿದರೆ ಬೆರಳು ಮೂಡ್ತವಾ?

ಸುಟ್ಟಿದ್ದರೆ ಮುಗಿದೇ ಹೋಗ್ತಿತ್ತು. ನಮ್ಮಲ್ಲಿ ಸುಡಲ್ಲ. ಮಣ್ಣಿನ ಕೆಳಗೆ ಕೂತೇ ಇದ್ದಾಳೆ. ಅದೇ ಕೊರಳು.

ಫೆಬ್ರವರಿ ೧೦, ಸೋಮವಾರ

ಅವ್ವನಿಗೆ ಹೇಳೇಬಿಡೋಣ ಅಂತ ಅವರ ನಂಬರಿಗೆ ಮಾಡಿದೆ. ಎತ್ತಿದ್ದು ಗಂಡಸು.

"ಹೇಳಿ ಅಮ್ಮ, ನಾನು ನಾಗಾರ್ಜುನ. ಅತ್ತೆ ನಮ್ಮನೇಲೇ ಇದಾರೆ, ಮಗು ನೋಡ್ಕೊಂಡು. ಏನ್ ವಿಷಯ?"

"ಫ್ರೇಮು... ಕಪ್ಪಂಚಾ, ಚಿನ್ನದ ಅಂಚಾ ಅಂತ."

"ಚಿನ್ನದ್ದೇ ಇರ್ಲಿ. ಕಣ್ಣಿಗೆ ಲಹರೀನ ನಾನೇ ಕರ್ಕೊಂಡ್ ಬರ್ತೀನಿ." ಫೋನ್ ಇಡೋ ಮುಂಚೆ ಕೇಳಿದ. "ಅಂಗಡೀಲಿ ನೀವೊಬ್ರೇನಾ ಇರೋದು?"

ಠಾಣೆಗೆ ಹೋಗಲಾ? ವಿಭೂತಿ ಕೆಳಗೆ ಕಂಡೆ ಅಂದರೆ ನಗ್ತಾರೆ. ತವರಿನವರು ಬಾಯಿಬಿಡದೆ ಮಣ್ಣು ಯಾರು ತೆಗೆಸ್ತಾರೆ?

ಫೆಬ್ರವರಿ ೧೪, ಶುಕ್ರವಾರ

ಬೈಕಲ್ಲಿ ಬಂದರು, ಇಬ್ಬರೂ. ಅವನು ಮಲ್ಲಿಗೆ ತಂದಿದ್ದ. ಗೋಡೆ ಮೇಲಿನ ನಮ್ಮ ಯಜಮಾನರ ಫೋಟೋಗೆ ತಾನೇ ಹಾಕಿದ. "ಅಮ್ಮ, ಕೆಲ್ಸ ಆದ್ಮೇಲೆ ಹಳೇದೆಲ್ಲ ಅಳಿಸ್ಬುಡಿ. ಕಣ್ ಮುಚ್ಚಿರೋ ಫೋಟೋ ಯಾರ ಹತ್ರಾನೂ ಇರಬಾರ್ದು." ಎಷ್ಟು ಮರ್ಯಾದೆ ಮಾತಲ್ಲಿ. ಅಷ್ಟರಲ್ಲಿ ಫೋನ್ ಬಂತು, ಬಾಗಿಲಾಚೆ ನಿಂತ.

ಕರ್ಟನ್ ಎಳೆದೆ. ಲಹರಿ ಸ್ಟೂಲಿನ ಮೇಲೆ ಕೂತು, "ಬರೋ ತಿಂಗಳು ನಂಗೂ ಭಾವಂಗೂ ನಿಶ್ಚಯ ಆಂಟಿ" ಅಂದಳು. "ಅಕ್ಕನ ಮಗೂಗೆ ಯಾರಾದ್ರೂ ಬೇಕಲ್ಲ ಅಂತ ದೊಡ್ಡೋರು..."

ಶಿವ, ಪಾಪ ಬಂದರೆ ನನಗೇ ಇರಲಿ ಅಂದು ಮಾನಿಟರ್ ಅವಳ ಕಡೆ ತಿರುಗಿಸಿದೆ.

"ಇಲ್ಲಿ ನೋಡವ್ವ. ಅಕ್ಕನ ಕೊರಳು. ಕೂಗ್ಬೇಡ."

ನೋಡಿದಳು. ನನ್ನ ಬೆರಳು ಅದರ ಪಾಡಿಗೆ ಅದು ಕ್ಯಾಮೆರಾ ಒತ್ತಿತು. ಅವಳ ಕಣ್ಣು ಆ ನೋಟದಲ್ಲೇ ಸಿಕ್ಕಿತು.

ಕೂಗಲಿಲ್ಲ ಹುಡುಗಿ. ಸೆರಗಿನ ಅಂಚು ಕಚ್ಚಿಕೊಂಡಳು. ಆಮೇಲೆ ಪಿಸುಗುಟ್ಟಿದಳು. "ಮಗು ಅಲ್ಲೈತೆ. ಅವ್ವನೂ ಅಲ್ಲೇ. ಇಬ್ರೂ ಆಚೆ ಬರೋಗಂಟ ಬಾಯಿ ಬುಡ್ಬೇಡಿ." ಮೇಜಿನ ಮೇಲೆ ಪ್ರದರ್ಶನದ ಕಾರ್ಡಿತ್ತು. ಅದೇನು ಅಂದಳು. ಹೇಳಿದೆ. "ಅಲ್ಲಿ ಹಾಕಿ ಆಂಟಿ. ನಮ್ಮಕ್ಕಂದು, ಇದೇ. ಅಷ್ಟೊತ್ಗೆ ಅವ್ವನ್ನ, ಮಗೂನ ಆಚೆ ಕರ್ಕೊಂಡಿರ್ತೀನಿ. ಅಲ್ಲಿ ಅವನ ಕೈ ಹೋಗಲ್ಲ."

ಕರ್ಟನ್ ಸರಿಯಿತು. "ಆಯ್ತಾ?"

"ಆಯ್ತು ಭಾವ. ಕಣ್ ಮಿಟುಕಿಸ್ಬುಟ್ಟೆ, ಅದಕ್ಕೇ ಲೇಟು." ನಕ್ಕಳು! ಅವನ ಹಿಂದೆಯೇ ಕೂತು ಹೋದಳು.

ಫೆಬ್ರವರಿ ೨೦, ಗುರುವಾರ

ಫ್ರೇಮ್ ಒಯ್ಯಲು ಬಂದಿದ್ದ. ಕೊರಳಿಗೆ ಬಿಳಿ ಹಾಗೇ ಬಿಟ್ಟು ಕೊಟ್ಟಿದ್ದೆ. ಅವನು ಕೊರಳು ನೋಡಲಿಲ್ಲ.

"ಯಾಕಮ್ಮ ಹಿಂಗ್ ನೋಡ್ತಾವ್ಳೆ?"

"ಲಹರಿ ಕಣ್ಣಲ್ವೇನಪ್ಪ."

"ಲಹರಿ ನನ್ನ ಯಾವತ್ತೂ ಹಿಂಗ್ ನೋಡಿಲ್ಲ." ಫ್ರೇಮನ್ನು ಬೋರಲು ಹಾಕಿ ಕಂಕುಳಲ್ಲಿಟ್ಟುಕೊಂಡ. "ಹಳೇದು ಅಳಿಸಿದ್ರಾ?"

"ಹೂಂ."

ಪೂಜೆ ಮಾಡೋ ಬಾಯಲ್ಲಿ ಸುಳ್ಳು.

ಅಳಿಸದ ಹಳೇದು, ಕಣ್ಣು ತೆರೆಸಿದ್ದು, ಎರಡನ್ನೂ ಕೊರಳಿನ ಬಿಳಿ ಇಳಿಸಿ ಸಂಜೆ ಗಾರ್ಗಿಗೆ ಕೊಟ್ಟೆ. ಕೊರಳು ನೋಡಿ, ಇದೇನು ಅಂದಳು. ಎಲ್ಲ ಹೇಳಿದೆ. ಆ ಹುಡುಗಿ ಹೇಳೋವರೆಗೂ ಸುಮ್ಮನಿರು ಅಂತ ಆಣೆ ಹಾಕಿಸಿಕೊಂಡೆ. ಆಳೆತ್ತರ ಪ್ರಿಂಟ್ ಹಾಕಿಸ್ತಾಳಂತೆ. ಬಾಗಿಲಿಗೆ ಎದುರಾಗಿ.

ಫೆಬ್ರವರಿ ೨೬, ಶಿವರಾತ್ರಿ

ಉಪವಾಸ. ಲಹರಿಯ ಸುದ್ದಿಯಿಲ್ಲ. ನಾನಾಗಿ ಫೋನ್ ಮಾಡುವಂತಿಲ್ಲ. ಎದುರಿನ ಬೇಕರಿಯವರು ಹೇಳಿದರು — ಬೈಕಿನವನೊಬ್ಬ ಕೇಳ್ತಿದ್ನಂತೆ, ನೀಲಮ್ಮೋರ ಮನೆ ಯಾವುದು, ಜೊತೇಲಿ ಯಾರಿದಾರೆ ಅಂತ.

ಮಾರ್ಚ್ ೧, ಶನಿವಾರ, ಮಧ್ಯಾಹ್ನ

ಗಾರ್ಗಿ ಪ್ರದರ್ಶನದ ಹಾಲ್‌ನಿಂದ ಫೋನ್ ಮಾಡಿದ್ದಳು. ಪ್ರಶಸ್ತಿ ಯಾರಿಗೆ ಅಂತ ಸಂಜೆ ಹೇಳ್ತಾರಂತೆ, ನಾನು ಆಗ ಹೋದರೆ ಸಾಕಂತೆ. ಜನ ಅಕ್ಷತಾ ಮುಂದೆ ನಿಂತವರು ಕದಲ್ತಿಲ್ಲವಂತೆ. ಮೊಬೈಲಲ್ಲಿ ತೆಗೆದು ಅವರಿವರಿಗೆ ಕಳಿಸ್ತಿದಾರಂತೆ.

ಈಗ ಲಹರಿ ಮೆಸೇಜು. "ಮಗು ಅವ್ವ ನಾನು ಠಾಣೇಲಿದೀವಿ. ಒರಿಜಿನಲ್ ತನ್ನಿ ಆಂಟಿ. ಯಾರೋ ಆ ಫೋಟೋ ಅವನಿಗೂ ಕಳಿಸಿದಾರೆ. ಮನೇಲಿಲ್ಲ. ಹುಷಾರು."

ನನ್ನನ್ನು ಠಾಣೆಗೆ ಕರ್ಕೊಂಡು ಹೋಗೋಕೆ ಗಾರ್ಗಿ ಸ್ಕೂಟರಲ್ಲಿ ಹೊರಟಿದ್ದಾಳೆ. ಶಟರ್ ಅರ್ಧ ಇಳಿಸಿ ಕಾಯ್ತಿದೀನಿ. ಅವಳು ಬರೋವರೆಗೆ ಇದನ್ನು ಬರೀತಿದೀನಿ. ಒರಿಜಿನಲ್ ಇರೋ ಕ್ಯಾಮೆರಾ ಕಾರ್ಡನ್ನು ಲಿಂಗದ ಜೊತೆ ಅದೇ ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡಿದ್ದೀನಿ. ತಪ್ಪಲ್ಲ. ಶಿವ ಮೆಚ್ಚದ ಕೆಲಸ ಅಲ್ಲ ಇದು.

ಸದ್ದು. ಬಂದಳು...

ಸ್ಕೂಟರಲ್ಲ. ಬೈಕು. ಶಟರ್ ಕೆಳಗೆ ಎರಡು ಕಾಲು. ಗಂಡಸಿನ ಚಪ್ಪಲಿ.

"ಅಮ್ಮಾ... ಅಳಿಸಿದೀನಿ ಅಂದ್ರಲ್ಲಮ್ಮ."

ಬಗ್ಗುತ್ತಿದ್ದಾನೆ. ಬಗ್ಗಲಿ. ನನ್ನ ಕೊರಳಿಗೆ ಕೈ ಹಾಕಿದರೂ ಅಲ್ಲಿ ಗೋಡೆ ಮೇಲೆ, ಅಷ್ಟು ಜನರ ಎದುರಿಗೆ ಅವಳು ಕಣ್ಣು ಬಿಟ್ಟು